ಹೊಗೆಗೂಡಿನ ಸುತ್ತ ತೇವವೇಕೆ?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ವೇದಿಕೆಯಲ್ಲಿ ಕವಿಗಳ ವಿಷಯ, ಶಾಸನಗಳ ವಿಷಯ, ಏಕೀಕರಣದ ವಿಷಯ ಮಾತನಾಡುವುದು ವಾಡಿಕೆ. ಗೋಡೆಯ ಮೇಲಿನ ಒಂದು ಒದ್ದೆ ಕಲೆಯ ವಿಷಯವಾಗಿ ಮಾತನಾಡಲು ಅಪ್ಪಣೆ ಕೊಟ್ಟ ಕಾರ್ಯಕಾರಿ ಸಮಿತಿಯವರ ಧೈರ್ಯವನ್ನು ಮೆಚ್ಚಬೇಕು. ಆದರೆ ವಿಷಯ ನಾವು ಎಣಿಸುವಷ್ಟು ಅಲ್ಪವಾದುದಲ್ಲ. ಈ ಕಲೆಯಿಂದ ಹಣ ಹೋಗುತ್ತದೆ, ನೆರೆಹೊರೆಯ ಸ್ನೇಹ ಹೋಗುತ್ತದೆ; ಅಪರೂಪವಾಗಿ, ಅದಕ್ಕೆ ಮಾಡುವ ತಪ್ಪು ಚಿಕಿತ್ಸೆಯಿಂದ ಪ್ರಾಣವೂ ಹೋಗುವ ಸಂಭವವಿದೆ. ಕಾಲವೂ ಇದಕ್ಕೆ ತಕ್ಕುದಾಗಿದೆ. ನವೆಂಬರೆಂದರೆ ದೆಹಲಿಯಲ್ಲಿ ಮಳೆ ಹಿಂದೆ ಸರಿದು ಚಳಿ ಇನ್ನೂ ಬಲಿಯದ ಸಂಧಿಕಾಲ. ಮನೆಯ ಗೋಡೆಗಳನ್ನು ಸಾವಧಾನವಾಗಿ ನಿಂತು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ ‘ಚಿಮಿಣಿ’ ಎಂದರೆ ಸೀಮೆಎಣ್ಣೆಯ ಬುಡ್ಡಿ. ಇಂದಿನ ದೆಹಲಿಯಲ್ಲಿ ‘ಚಿಮ್ನಿ’ ಎಂದರೆ ಅಡಿಗೆಮನೆಯ ಒಲೆಯ ಮೇಲೆ ಕೂರಿಸಿದ ವಿದ್ಯುತ್ ಯಂತ್ರ. ನಾನು ಮುಖ್ಯವಾಗಿ ಹೇಳಹೊರಟಿರುವುದು ಇವೆರಡನ್ನೂ ಅಲ್ಲ. ಗೋಡೆಯೊಳಗೇ ಇಟ್ಟಿಗೆಯಿಂದ ಕಟ್ಟಿ, ತಾರಸಿಯ ಮೇಲೆ ತಲೆಯೆತ್ತಿ ನಿಲ್ಲಿಸಿರುವ ಹೊಗೆಯ ದಾರಿಯನ್ನು. ಅದನ್ನು ಹೊಗೆಗೂಡು ಎಂದು ಕರೆಯೋಣ. ಅದರ ಬುಡದಲ್ಲಿ ಬೆಂಕಿಯನ್ನಿಡುವ ಜಾಗಕ್ಕೆ ಅಗ್ಗಿಷ್ಟಿಕೆ ಎಂಬ ಸೊಗಸಾದ ಶಬ್ದ ನಮ್ಮಲ್ಲಿದೆ. ಇಲ್ಲಿಯ ಜನ ಚಳಿಗಾಲದಲ್ಲಿ ಇದ್ದಿಲು ತುಂಬಿ ಮೈ ಕಾಯಿಸಿಕೊಳ್ಳುವ ‘ಅಂಗೀಠಿ’ಯೂ ಅದೇ ಸಂಸ್ಕೃತ ಮೂಲದಿಂದ ಬಂದ ಶಬ್ದ. ನಮ್ಮ ಅಗ್ಗಿಷ್ಟಿಕೆಯೂ ಅವರ ಅಂಗೀಠಿಯೂ ಒಡಹುಟ್ಟಿದವು. ಆ ಅಂಗೀಠಿಯ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ದೆಹಲಿಯಂಥ ಉರಿಬಿಸಿಲಿನ ಊರಿನಲ್ಲಿ ಅಗ್ಗಿಷ್ಟಿಕೆ ಏಕೆ ಎಂದು ಹೊಸದಾಗಿ ಬಂದವರು ಕೇಳುವುದುಂಟು. ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವುದಾಗಿ 1911ರ ಡಿಸೆಂಬರಿನಲ್ಲಿ ಸಾರಿದರು. 1931ರ ಫೆಬ್ರವರಿಯಲ್ಲಿ ಹೊಸ ದೆಹಲಿಯ ಉದ್ಘಾಟನೆಯಾಯಿತು. ಆಗ ಕಟ್ಟಿದ ಬಂಗಲೆಗಳಲ್ಲಿಯೂ, ಅದಕ್ಕೆ ಹಿಂದಿನ ಸಿವಿಲ್ ಲೈನ್ಸಿನ ಮನೆಗಳಲ್ಲಿಯೂ ಇಂಗ್ಲಿಷರು ತಮ್ಮ ಊರಿನ ಪದ್ಧತಿಯಂತೆ ಅಗ್ಗಿಷ್ಟಿಕೆಗಳನ್ನು ಇಟ್ಟರು. ಅದನ್ನು ನೋಡಿ ಅನಂತರದ ಬಡಾವಣೆಗಳ ಕೆಲವು ಮನೆಗಳೂ ಅದೇ ಮೇಲ್ಪಂಕ್ತಿಯನ್ನು ಅನುಸರಿಸಿದವು. ಜನವರಿಯ ರಾತ್ರಿಗಳಲ್ಲಿ ಇಲ್ಲಿ ಉಷ್ಣತೆ 7–8 ಡಿಗ್ರಿಗೆ ಇಳಿಯುವುದು ಸಾಮಾನ್ಯವಾದುದರಿಂದ ಅದು ಕೇವಲ ಆಡಂಬರವೂ ಆಗಿರಲಿಲ್ಲ. ಈಗ ವಿದ್ಯುತ್ತಿನ ಹೀಟರು ಬಂದಿದೆ. ಗಾಳಿ ಕೆಟ್ಟಿರುವ ಈ ಊರಿನಲ್ಲಿ ಕಟ್ಟಿಗೆ, ಕಲ್ಲಿದ್ದಲನ್ನು ಉರಿಸುವುದು ಸಲ್ಲದು ಕೂಡ. ಅಗ್ಗಿಷ್ಟಿಕೆಯ ಬಾಯಿಗೆ ಹಲಗೆ ಬಡಿದು, ಅದರ ಮುಂದೆ ಪುಸ್ತಕದ ಬೀರುವನ್ನೋ ಟೆಲಿವಿಷನ್ನನ್ನೋ ಇಟ್ಟಿದ್ದೇವೆ. ಬೆಂಕಿ ಹೋಯಿತು, ಹೊಗೆ ಹೋಯಿತು, ಗೂಡು ಮಾತ್ರ ಉಳಿಯಿತು.

ತೇವದ ಕಥೆ ಇಲ್ಲಿಂದಲೇ ಪ್ರಾರಂಭವಾಗುತ್ತದೆ. ಬೆಂಕಿ ಉರಿಯುತ್ತಿದ್ದ ಕಾಲದಲ್ಲಿ ಹೊಗೆಗೂಡು ತನ್ನ ವೈದ್ಯ ತಾನೇ ಆಗಿತ್ತು. ಮೇಲಿನಿಂದ ನಾಲ್ಕು ಹನಿ ಬಿದ್ದರೂ ಬಿಸಿಗಾಳಿ ಅದನ್ನು ಒಣಗಿಸಿಬಿಡುತ್ತಿತ್ತು. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ಬೇರೆ ಗಾಳಿ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಆಸ್ತ್ರ’ ಕೇಂದ್ರದವರು 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಕೊಟ್ಟ ‘ಆಸ್ತ್ರ ಒಲೆ’ಯ ಕೊಳವೆ ಹೊಗೆಯನ್ನು ಸೆಳೆದುಕೊಳ್ಳುವುದೂ ಈ ತತ್ತ್ವದಿಂದಲೇ. ಬೆಂಕಿ ಆರಿದ ಮೇಲೆ ಆ ಸೆಳೆತ ಕುಗ್ಗಿತು. ಮೇಲೂ ಕೆಳಗೂ ಮುಚ್ಚಿದ ಮೇಲೆ ಪೂರಾ ನಿಂತಿತು. ಉಸಿರಾಡದ ಇಟ್ಟಿಗೆಯ ಗೂಡು ಉಳಿದ ಗೋಡೆಗಿಂತ ತಣ್ಣಗೆ, ಉಳಿದ ಗೋಡೆಗಿಂತ ಒದ್ದೆಯಾಗಿ ಉಳಿಯಿತು.

ಇನ್ನು ನಾವು ಮಾಡುವ ಉಪಚಾರವನ್ನು ನೋಡಿ. ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎರಡಂತಸ್ತಿನ ಹಳೆಯ ಕಟ್ಟಡ. ಕೆಳಗೆ ನಮ್ಮ ಒಬ್ಬ ರಾಯರು. ಮೇಲೆ ಒಂದು ಪಂಜಾಬಿ ಕುಟುಂಬ. ಅಗ್ಗಿಷ್ಟಿಕೆಯ ಮೇಲೆ, ಸೂರಿಗೆ ಒಂದು ಮೊಳ ಕೆಳಗೆ, ತಟ್ಟೆಯಗಲದ ಹಳದಿ ಕಲೆ. ಇಲ್ಲಿಯವರು ಇದನ್ನು ‘ಸೀಲನ್’ ಎನ್ನುತ್ತಾರೆ. “ಮೇಲಿನವರ ಬಚ್ಚಲಿನ ನೀರೇ ಸರಿ. ನೀವು ಹೋಗಿ ಒಂದು ಮಾತು ಹೇಳಿ ಬನ್ನಿ, ಅಂದರೆ!” ಎಂದು ಮನೆಯಾಕೆಯ ಒತ್ತಾಯ. ರಾಯರು ಹೋಗಿ ಹೇಳುತ್ತಾರೆ; ಮೇಲಿನವರು ಇಲ್ಲವೆನ್ನುತ್ತಾರೆ; ಅಂದಿನಿಂದ ಮೆಟ್ಟಿಲಿನಲ್ಲಿ ಎದುರಾದರೆ ನಮಸ್ಕಾರವಿಲ್ಲ. ಆಮೇಲೆ ಮೇಸ್ತ್ರಿ ಬರುತ್ತಾನೆ. ಗೋಡೆಯನ್ನು ಒಮ್ಮೆ ತಟ್ಟಿ ನೋಡಿ, ಕೆರೆದು, ಸಿಮೆಂಟು ಬಳಿದು, ಅದರ ಮೇಲೆ ನೀರು ತಡೆಯುವ ಬಣ್ಣ ಹೊಡೆದು ಹೋಗುತ್ತಾನೆ. ದೀಪಾವಳಿಗೆ ಗೋಡೆ ಮದುವಣಗಿತ್ತಿಯಂತೆ ಕಾಣುತ್ತದೆ. ಸಂಕ್ರಾಂತಿಯ ವೇಳೆಗೆ ಕಲೆ ಮರಳಿ ಬರುತ್ತದೆ, ಈ ಸಲ ಮೊದಲಿನ ಜಾಗಕ್ಕಿಂತ ಒಂದು ಗೇಣು ಆಚೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಇಲ್ಲಿ ನಮಗೆ ಬೇಕಾಗಿರುವುದು ಔಷಧವಲ್ಲ, ಮೊದಲು ರೋಗದ ನಿರ್ಣಯ. ಅದಕ್ಕೆ ನಮ್ಮ ಹಿರಿಯರ ತರ್ಕಶಾಸ್ತ್ರದಲ್ಲಿಯೇ ದಾರಿಯಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಅಡಿಗೆಮನೆಯಂತೆ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಮಡುವಿನಂತೆ ಎಂಬುದು ತಾರ್ಕಿಕರ ಹಳೆಯ ಉದಾಹರಣೆ. ಒಂದಿದ್ದಾಗ ಇನ್ನೊಂದು ಇರುವುದು ಅನ್ವಯ; ಒಂದಿಲ್ಲದಾಗ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿ ಬಂದರೆ ಸಂಬಂಧ ದೃಢವಾಗುತ್ತದೆ. ಕಲೆ ಎಲ್ಲಿದೆ ಎಂದಷ್ಟೇ ನೋಡುವವನು ಮೋಸಹೋಗುತ್ತಾನೆ. ನೀರು ಬಿದ್ದ ಜಾಗ ಒಂದು, ಇಟ್ಟಿಗೆಯ ಸಂದಿನಲ್ಲಿ ಹರಿದು ಹೊರಬೀಳುವ ಜಾಗ ಇನ್ನೊಂದು. ಕಲೆ ಯಾವಾಗ ಒದ್ದೆಯಾಗುತ್ತದೆ, ಯಾವಾಗ ಒಣಗುತ್ತದೆ ಎಂದು ಕೇಳುವವನಿಗೆ ಗೋಡೆ ತಾನಾಗಿಯೇ ಉತ್ತರ ಹೇಳುತ್ತದೆ. ಈ ಭಾಷಣದಿಂದ ಒಂದೇ ಮಾತನ್ನು ಮನೆಗೆ ಒಯ್ಯುವುದಾದರೆ ಈ ಮಾತನ್ನು ಒಯ್ಯಿರಿ.

ಈ ಪರೀಕ್ಷೆಗೆ ದೆಹಲಿಯಂಥ ಅನುಕೂಲವಾದ ಊರು ಮತ್ತೊಂದಿಲ್ಲ. ಆಗುಂಬೆಯಲ್ಲಿ ಮಳೆಗಾಲದುದ್ದಕ್ಕೂ ಎಲ್ಲವೂ ಒದ್ದೆ. ಯಾವ ನೀರು ಯಾವುದೆಂದು ಬೇರ್ಪಡಿಸುವುದು ಕಷ್ಟ. ಇಲ್ಲಿ ಋತುಗಳು ಪೆಟ್ಟಿಗೆಯ ಖಾನೆಗಳಂತೆ ಬೇರೆಬೇರೆಯಾಗಿವೆ. ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್ ಮಳೆ. ಅದರ ಮುಕ್ಕಾಲಿಗೂ ಹೆಚ್ಚು ಪಾಲು, ನಮ್ಮ ಆರಿದ್ರಾ ಮಳೆಯ ವೇಳೆಗೆ ಪ್ರಾರಂಭವಾಗಿ ಸೆಪ್ಟೆಂಬರ್ ಮುಗಿಯುವುದರೊಳಗೆ ಸುರಿದುಹೋಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿ ಒಣಗಿದ ಹಪ್ಪಳದಂತಿರುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಮಳೆ ವಿರಳ, ಮಂಜು ಹೆಚ್ಚು. ಹೀಗಿರುವುದರಿಂದ ಗೋಡೆಯ ತೇವವನ್ನು ತಿಂಗಳಿಗೆ ತಿಂಗಳು ಗುರುತಿಸುವವನಿಗೆ ಪಂಚಾಂಗವೇ ಯಂತ್ರವಾಗುತ್ತದೆ.

ಮಾಡಬೇಕಾದುದು ಇಷ್ಟೆ. ಕಲೆಯ ಅಂಚಿನುದ್ದಕ್ಕೂ ಸೀಸದಕಡ್ಡಿಯಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಹದಿನೈದು ದಿನಕ್ಕೊಮ್ಮೆ, ಮತ್ತು ಪ್ರತಿ ದೊಡ್ಡ ಮಳೆಯ ಮರುದಿನ, ಕಲೆ ಗೆರೆಯನ್ನು ದಾಟಿದೆಯೆ, ಒಳಗೆ ಸರಿದಿದೆಯೆ ಎಂದು ನೋಡಿ ಒಂದು ಹಳೆಯ ಡೈರಿಯಲ್ಲಿ ಗುರುತು ಹಾಕಿರಿ. ಮಳೆ, ಮಂಜು, ಕೂಲರು, ಮೇಲಿನ ಟ್ಯಾಂಕು ತುಂಬಿ ಹರಿದದ್ದು ಇವನ್ನೂ ಬರೆದಿಡಿ. ಈ ದಿನಚರಿಯನ್ನು ಹಿಡಿದು ಒಂದೊಂದು ಕಾರಣವನ್ನೂ ವಿಚಾರಿಸೋಣ.

ಮೊದಲನೆಯದು ಮಳೆಯ ನೀರು. ಕಲೆ ಮಳೆ ಬಂದ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬೆಳೆದು, ಮಳೆಯಿಲ್ಲದ ಅಕ್ಟೋಬರಿನಲ್ಲಿ ಕುಗ್ಗಿದರೆ ಅಪರಾಧಿ ತಾರಸಿಯ ಮೇಲಿದ್ದಾನೆ. ಚಳಿಗಾಲದಲ್ಲಿ ಒಂದೆರಡು ಬಾರಿ ಬರುವ, ಇಲ್ಲಿಯವರು ‘ಮಹಾವಟ್’ ಎನ್ನುವ ಮಳೆಗೂ ಕಲೆ ಜಗ್ಗಿದರೆ ಸಂಶಯವೇ ಬೇಡ. ಒಂದು ಎಚ್ಚರಿಕೆ: ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಗೋಡೆಗೂ ಸಲ್ಲುತ್ತದೆ. ದಪ್ಪ ಇಟ್ಟಿಗೆಯ ಕಟ್ಟಡ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ; ಆದುದರಿಂದ ಒಂದು ಮಳೆಯನ್ನು ನಂಬದೆ ನಾಲ್ಕು ಮಳೆಗಳನ್ನು ಹೋಲಿಸಬೇಕು.

ತಾರಸಿಯ ಮೇಲೆ ಹೋದಾಗ ನಾಲ್ಕು ಜಾಗಗಳನ್ನು ನೋಡಬೇಕು. ಒಂದು, ಗೂಡಿನ ತಲೆ: ಮೇಲಿನ ಸಿಮೆಂಟಿನ ಹೊದಿಕೆ ಬಿರುಕುಬಿಟ್ಟಿದೆಯೆ, ಬಾಯಿ ಆಕಾಶಕ್ಕೆ ತೆರೆದಿದೆಯೆ ಎಂಬುದು. ಎರಡು, ಗೂಡಿನ ಮೈ: ಇಟ್ಟಿಗೆಯ ಸಂದಿನ ಗಾರೆ ಉದುರಿದೆಯೆ ಎಂಬುದು, ಉಗುರಿನಿಂದ ಕೆರೆದರೆ ಪುಡಿಯಾಗುವ ಗಾರೆ ಮಳೆಯನ್ನು ತಡೆಯದು. ಮೂರು, ಗೂಡೂ ತಾರಸಿಯೂ ಕೂಡುವ ಮೂಲೆ: ಇಲ್ಲಿಯ ಮೇಸ್ತ್ರಿಗಳು ಈ ಮೂಲೆಯನ್ನು ಗುಂಡಗೆ ತುಂಬಿ ‘ಗೋಲಾ’ ಎನ್ನುತ್ತಾರೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಗೋಲಾ ಗೋಡೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಸಾಕು, ನೀರಿಗೆ ಅದು ಹೆದ್ದಾರಿ. ನಾಲ್ಕು, ತಾರಸಿಯ ಇಳಿಜಾರು: ನೀರು ಹೊರಹೋಗುವ ಗುಣಿಗೆ ‘ಖುರ್ರಾ’ ಎಂಬ ಹೆಸರು. ಅದರಲ್ಲಿ ಎಲೆ ಕಟ್ಟಿಕೊಂಡಿದ್ದರೆ ನೀರು ಹಿಂದಕ್ಕೆ ನಿಂತು ಗೂಡಿನ ಬುಡವನ್ನು ನೆನೆಸುತ್ತದೆ. ದೆಹಲಿಯ ಹಳೆಯ ತಾರಸಿಗಳಲ್ಲಿ ಮಣ್ಣಿನ ಪದರದ ಮೇಲೆ ಇಟ್ಟಿಗೆಯ ಬಿಲ್ಲೆಗಳನ್ನು ಹಾಸುವುದು ಪದ್ಧತಿ. ಬಿಲ್ಲೆಯ ಸಂದು ಬಿಟ್ಟರೆ ಕೆಳಗಿನ ಮಣ್ಣು ನೀರು ಕುಡಿದು, ಬಿದ್ದ ಜಾಗಕ್ಕಿಂತ ಎಷ್ಟೋ ದೂರ ಅದನ್ನು ಸಾಗಿಸುತ್ತದೆ. ಇವುಗಳೊಂದಿಗೆ ಅರಳಿಯ ಸಸಿಯನ್ನೂ ಪಾರಿವಾಳದ ಗೂಡನ್ನೂ ಹುಡುಕಿರಿ. ಅರಳಿಯ ಬೇರು ಇಟ್ಟಿಗೆಯನ್ನು ಸೀಳುತ್ತದೆ. ಪಾರಿವಾಳದ ಗೂಡು ಗಾಳಿಯ ದಾರಿಯನ್ನು ಕಟ್ಟುತ್ತದೆ.

ಕಣ್ಣಿಗೆ ಕಾಣದಿದ್ದರೆ ನೀರಿನ ಪರೀಕ್ಷೆ ಮಾಡಬಹುದು. ಒಣ ದಿನದಲ್ಲಿ ರಬ್ಬರಿನ ಕೊಳವೆ ಹಿಡಿದು ಮೊದಲು ಗೂಡಿನ ಬುಡಕ್ಕೆ ಮಾತ್ರ ನೀರು ಬಿಡಿ. ಒಂದೆರಡು ಗಂಟೆ ಕಾಯಿರಿ. ಒಳಗೆ ಒಬ್ಬರು ಗೋಡೆ ನೋಡುತ್ತಿರಲಿ. ತೇವ ಬಾರದಿದ್ದರೆ ಮೈಗೆ ಬಿಡಿ, ಕೊನೆಗೆ ತಲೆಗೆ. ಕೆಳಗಿನಿಂದ ಮೇಲಕ್ಕೆ ಹೋಗುವುದೇ ಕ್ರಮ. ಮೇಲಿನಿಂದ ಪ್ರಾರಂಭಿಸಿದರೆ ನೀರು ಎಲ್ಲವನ್ನೂ ಒಟ್ಟಿಗೆ ನೆನೆಸಿ ಸಾಕ್ಷ್ಯವನ್ನು ಕಲಸಿಬಿಡುತ್ತದೆ.

ಎರಡನೆಯದು ಮನೆಯೊಳಗಿನ ಗಾಳಿಯ ನೀರು. ಮಳೆಯೇ ಇಲ್ಲದ ಜನವರಿಯಲ್ಲಿ ಕಲೆ ಕಾಣಿಸಿಕೊಂಡು ಮಾರ್ಚಿನಲ್ಲಿ ಮಾಯವಾದರೆ ಕಾರಣ ತಾರಸಿಯಲ್ಲಿಲ್ಲ, ಕೋಣೆಯಲ್ಲಿದೆ. 20 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಿನ ಆವಿಯನ್ನು ಹೊರಬಲ್ಲದು. 8 ಡಿಗ್ರಿಗೆ ತಣಿದರೆ ಸುಮಾರು 8 ಗ್ರಾಂ ಮಾತ್ರ. ಉಳಿದದ್ದನ್ನು ಅದು ತಣ್ಣನೆಯ ಮೈ ಸಿಕ್ಕಲ್ಲಿ ಇಳಿಸಿಬಿಡುತ್ತದೆ. ತಂಬಿಗೆಯ ತಣ್ಣೀರಿಗೆ ಹೊರಗೆ ಹನಿ ಕೂಡುವುದನ್ನು ಯಾರು ನೋಡಿಲ್ಲ? ತಾರಸಿಯ ಮೇಲೆ ರಾತ್ರಿಯಿಡೀ ಮಂಜಿನಲ್ಲಿ ನಿಂತ ಹೊಗೆಗೂಡು ಅಂಥ ತಂಬಿಗೆ. ಕೋಣೆಯ ಬೆಚ್ಚನೆಯ ಗಾಳಿ ಅಗ್ಗಿಷ್ಟಿಕೆಯ ಹಲಗೆಯ ಸಂದಿನಿಂದ ನುಗ್ಗಿ ಮೇಲೇರಿ, ತಣ್ಣನೆಯ ಇಟ್ಟಿಗೆಗೆ ತಾಗಿ ನೀರಾಗುತ್ತದೆ. ಹಳೆಯ ಮಸಿಯನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಆ ಕಲೆಗೆ ಕಂದು ಬಣ್ಣವೂ ಮಸಿಯ ವಾಸನೆಯೂ ಬರುವುದು ಇದರಿಂದ.

ಮನೆಯೊಳಗೆ ಇಷ್ಟು ನೀರು ಎಲ್ಲಿಂದ ಬಂತು ಎಂದು ಕೇಳುವಿರಿ. ನಮ್ಮ ಉಸಿರು, ಸ್ನಾನ, ಒಳಗೆ ಒಣಹಾಕಿದ ಬಟ್ಟೆ ಇವು ಎಲ್ಲರಿಗೂ ತಿಳಿದುವು. ತಿಳಿಯದ ಒಂದಿದೆ. ಅಡಿಗೆಯ ಅನಿಲ ಉರಿದಾಗ ಅದರಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತದೆ. ಒಂದು ಕಿಲೋ ಅನಿಲಕ್ಕೆ ಒಂದೂವರೆ ಕಿಲೋಗೂ ಮಿಕ್ಕಿ ನೀರು. ಎಂದರೆ 14.2 ಕಿಲೋ ತೂಕದ ಒಂದು ಸಿಲಿಂಡರು ಮುಗಿಯುವಷ್ಟರಲ್ಲಿ, ಪಾತ್ರೆಯೊಳಗೆ ಕುದಿದ ಸಾರು, ಹುಳಿಯ ಆವಿಯನ್ನು ಬಿಟ್ಟೂ, ಇಪ್ಪತ್ತು ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಮನೆಯೊಳಗೆ ಬಂದಿರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಕಿಟಕಿ ಮುಚ್ಚಿದ ಚಳಿಗಾಲದ ಮನೆಯಲ್ಲಿ ಅದು ಎಲ್ಲಿಯಾದರೂ ಒಂದು ಗೋಡೆಯ ಮೇಲೆ ಕಾಣಿಸಿಕೊಳ್ಳಲೇಬೇಕು.

ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಅಡಿಗೆಮನೆಯಲ್ಲಿ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಒಂದು ಚೌಕವನ್ನು ಕಲೆಯ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹನಿ ಕೋಣೆಯ ಕಡೆಯ ಮೈಮೇಲೆ ಕೂತರೆ ಅದು ಕೋಣೆಯ ಗಾಳಿಯದು. ಹಾಳೆಯ ಬೆನ್ನಿನಲ್ಲಿ, ಗೋಡೆಯ ಕಡೆ ಕೂತರೆ ನೀರು ಗೋಡೆಯೊಳಗಿದೆ. ಗೋಡೆಯೊಳಗಿನ ನೀರು ಮಳೆಯದೆ, ಕೊಳಾಯಿಯದೆ, ಗೂಡಿನೊಳಗೆ ಇಳಿದ ಹನಿಯೆ ಎಂಬುದನ್ನು ಮತ್ತೆ ದಿನಚರಿಯೇ ಹೇಳಬೇಕು.

ಮೂರನೆಯ ಕಾರಣ ಎಲ್ಲಕ್ಕಿಂತ ವಿಚಿತ್ರ. ಆಗಸ್ಟಿನ ಮೋಡ ಕವಿದ ಸೆಕೆಯ ದಿನ. ಮಳೆ ಬಂದಿಲ್ಲ, ಆದರೂ ಕಲೆ ಬೆವರಿದೆ. ಮರುದಿನ ಒಣಗಾಳಿ ಬೀಸಿದರೆ ಕಲೆಯೂ ಒಣಗಿದೆ. ಇದರ ಗುಟ್ಟು ಉಪ್ಪು. ಎಷ್ಟೋ ವರ್ಷ ಉರಿದ ಕಲ್ಲಿದ್ದಲು ಮತ್ತು ಕಟ್ಟಿಗೆಯ ಹೊಗೆ ಇಟ್ಟಿಗೆಯಲ್ಲೂ ಗಾರೆಯಲ್ಲೂ ನಾನಾ ಬಗೆಯ ಲವಣಗಳನ್ನು ಬಿಟ್ಟುಹೋಗಿದೆ. ಒಮ್ಮೆ ನೀರು ಹರಿದಾಗ ಅವು ಕರಗಿ ಗೋಡೆಯ ಮುಖಕ್ಕೆ ಬಂದು ಕೂತಿವೆ. ಇಲ್ಲಿಯವರು ‘ಶೋರಾ’ ಎನ್ನುವ, ನಾವು ಚೌಳು ಎನ್ನುವ ಬಿಳಿಯ ಹೂವು ಅದೇ. ನಮ್ಮ ಊರಿನ ಅಡಿಗೆಮನೆಯಲ್ಲಿ ಆಷಾಢದ ದಿನ ಉಪ್ಪಿನ ಮರಿಗೆ ನೀರೊಡೆಯುವುದನ್ನು ನೆನೆಯಿರಿ. ಗಾಳಿಯ ತೇವ ನೂರಕ್ಕೆ 75ನ್ನು ದಾಟಿದರೆ ಅಡಿಗೆಯ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಗೋಡೆಯ ಲವಣಗಳಲ್ಲಿ ಕೆಲವು ಅದಕ್ಕಿಂತ ಕಡಿಮೆ ತೇವಕ್ಕೂ ಕರಗುತ್ತವೆ. ಈ ಗೋಡೆಗೆ ಎಲ್ಲಿಂದಲೂ ನೀರು ಸೋರಬೇಕಾಗಿಲ್ಲ. ತಾರಸಿಯನ್ನು ಎಷ್ಟು ಸಲ ದುರಸ್ತಿ ಮಾಡಿಸಿದರೂ ಅದು ಬೆವರುತ್ತಲೇ ಇರುತ್ತದೆ. ಲವಣ ತುಂಬಿದ ಗಾರೆಯನ್ನು ಕಲೆಯ ಆಚೆಗೂ ಒಂದು ಅಡಿ ಕಿತ್ತು ಹೊರಗೆ ಹಾಕುವುದೊಂದೇ ಮದ್ದು.

ಇನ್ನು ಉಳಿದ ಸಣ್ಣಪುಟ್ಟ ಅಪರಾಧಿಗಳು. ಮೇ, ಜೂನ್ ತಿಂಗಳ ಒಣ ಕಾಲದಲ್ಲಿ ತೇವ ಕಂಡರೆ ಕಿಟಕಿಯ ಕೂಲರನ್ನು ನೋಡಿ. ಅದರ ತೊಟ್ಟಿ ಸೋರುತ್ತಿರಬಹುದು, ಅಥವಾ ಮುಚ್ಚಿದ ಕೋಣೆಗೆ ಅದು ಇಡೀ ದಿನ ಒದ್ದೆ ಗಾಳಿಯನ್ನು ತುಂಬುತ್ತಿರಬಹುದು. ಋತು ಯಾವುದಾದರೂ ಕಲೆ ಒಂದೇ ಸಮನಾಗಿದ್ದರೆ ಕೊಳಾಯಿಯನ್ನೂ ತಾರಸಿಯ ಟ್ಯಾಂಕನ್ನೂ ಸಂಶಯಿಸಿ. ಎಲ್ಲ ನಲ್ಲಿಗಳನ್ನೂ ಮುಚ್ಚಿದಾಗ ಮೀಟರು ತಿರುಗುತ್ತಿದ್ದರೆ ನೆಲದಡಿಯ ಕೊಳವೆ ಒಡೆದಿರಬಹುದು. ತೇವ ನೆಲದಿಂದ ಎರಡು ಮೂರು ಅಡಿಯೊಳಗೇ ನಿಂತಿದ್ದರೆ ಅದು ಭೂಮಿಯಿಂದ ಏರಿದ್ದು, ಹೊಗೆಗೂಡನ್ನು ದೂಷಿಸಬೇಡಿ. ಅಡಿಗೆಮನೆಯ ವಿದ್ಯುತ್ ಚಿಮ್ನಿಯ ಕೊಳವೆಯನ್ನು ಹಳೆಯ ಇಟ್ಟಿಗೆಯ ಗೂಡಿಗೆ ಸೇರಿಸುವ ಸುಲಭದ ದಾರಿಯನ್ನೂ ಹಿಡಿಯಬೇಡಿ. ಒಗ್ಗರಣೆಯ ಜಿಡ್ಡೂ ಆವಿಯೂ ಆ ತಣ್ಣನೆಯ ಗೂಡಿನಲ್ಲೇ ಇಂಗುತ್ತವೆ. ಆ ಕೊಳವೆ ನೇರವಾಗಿ ಹೊರಗೋಡೆಯನ್ನು ದಾಟಲಿ, ಹೊರಗಡೆಗೆ ತುಸು ಇಳಿಜಾರಾಗಿರಲಿ.

ಈಗ ರಾಯರ ಮನೆಗೆ ಮತ್ತೆ ಹೋಗೋಣ. ಅವರು ಒಂದು ವರ್ಷ ದಿನಚರಿ ಇಟ್ಟರೆನ್ನಿ. ಜುಲೈನ ಜಡಿಮಳೆಗಳ ಮರುದಿನ ಕಲೆ ಗೆರೆಯನ್ನು ದಾಟಲಿಲ್ಲ. ಆಗಸ್ಟಿನ ಸೆಕೆಯಲ್ಲಿ ಮಳೆಯಿಲ್ಲದ ದಿನವೂ ಬೆವರಿತು. ಜನವರಿಯಲ್ಲಿ ಕಂದು ಧಾರೆಯೊಂದು ಇಳಿಯಿತು. ಮೇ ತಿಂಗಳಲ್ಲಿ ಎಲ್ಲವೂ ಒಣಗಿ ಚೌಳು ಮಾತ್ರ ಉಳಿಯಿತು. ಮೇಲಿನವರು ಎರಡು ವಾರ ಊರಿಗೆ ಹೋಗಿದ್ದಾಗಲೂ ಕಲೆ ಹಾಗೆಯೇ ಇತ್ತು. ಬಚ್ಚಲಿನ ನೀರೇ ಕಾರಣವಾಗಿದ್ದರೆ ಬಚ್ಚಲು ಒಣಗಿದ ಹದಿನೈದು ದಿನಗಳಲ್ಲಿ ಕಲೆ ಕೊಂಚವಾದರೂ ಕುಗ್ಗಬೇಕಾಗಿತ್ತು. ವ್ಯತಿರೇಕ ಅಲ್ಲಿ ತಪ್ಪಿತು. ಪಂಜಾಬಿ ಕುಟುಂಬ ನಿರ್ದೋಷಿ. ಇರುವ ರೋಗ ಎರಡು: ಚಳಿಗಾಲದಲ್ಲಿ ಗೂಡಿನೊಳಗೆ ಇಳಿಯುವ ಹನಿ, ಮಳೆಗಾಲದಲ್ಲಿ ಬೆವರುವ ಉಪ್ಪು. ಎರಡಕ್ಕೂ ಮೂಲ, ಹಿಂದೆ ಯಾರೋ ಗೂಡನ್ನು ಮೇಲೂ ಕೆಳಗೂ ಗಾಳಿಯಾಡದಂತೆ ಮುಚ್ಚಿದ್ದು. ಹೆಚ್ಚಿನ ಮನೆಗಳಲ್ಲಿ ಕಾರಣ ಒಂದೇ ಇರುವುದಿಲ್ಲ, ಎರಡು ಮೂರು ಕೂಡಿರುತ್ತವೆ ಎಂಬುದನ್ನು ನೆನಪಿಡಬೇಕು. ಒಂದನ್ನು ಸರಿಪಡಿಸಿ ಕಲೆ ಹೋಗಲಿಲ್ಲವೆಂದು ಮೇಸ್ತ್ರಿಯನ್ನು ಬೈಯುವುದಕ್ಕೆ ಮೊದಲು ದಿನಚರಿಯನ್ನು ಇನ್ನೊಮ್ಮೆ ಓದಬೇಕು.

ಚಿಕಿತ್ಸೆಯ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ಮೇಲಿನ ನೀರನ್ನು ನಿಲ್ಲಿಸಿ: ತಲೆಯ ಬಿರುಕು, ಸಂದಿನ ಗಾರೆ, ಗೋಲಾ, ಖುರ್ರಾ. ಬಾಯಿಯನ್ನು ಬಿಗಿಯಾಗಿ ಮುಚ್ಚದೆ, ನಾಲ್ಕು ಮೂಲೆಗೆ ಇಟ್ಟಿಗೆಯ ಕಾಲು ಕೊಟ್ಟು ಅದರ ಮೇಲೆ ಕಲ್ಲುಚಪ್ಪಡಿ ಹೊದಿಸಿ, ಸುತ್ತ ತಂತಿಬಲೆ ಕಟ್ಟಿರಿ; ಮಳೆಯೂ ಪಾರಿವಾಳವೂ ಒಳಬಾರದೆ ಗಾಳಿ ಮಾತ್ರ ಆಡುತ್ತದೆ. ಕೆಳಗೆ ಅಗ್ಗಿಷ್ಟಿಕೆಯ ಹಲಗೆಯಲ್ಲೂ ಒಂದು ಜಾಲರಿ ಇಡಿ. ಅಡಿಗೆಮನೆ, ಬಚ್ಚಲುಮನೆಗಳ ಆವಿಯನ್ನು ಅಲ್ಲಲ್ಲಿಯೇ ಹೊರಗೆ ಕಳಿಸಿದರೆ ಈ ಜಾಲರಿಗೆ ಹೊರೆಯಾಗದು. ಆಮೇಲೆ ಚೌಳು ಹಿಡಿದ ಗಾರೆಯನ್ನು ಕಿತ್ತು, ಹಳೆಯ ಸುಣ್ಣದ ಗೋಡೆಗೆ ಸುಣ್ಣದ ಗಾರೆಯನ್ನೇ ಕೊಡಿ; ಸಿಮೆಂಟು ಒಳಗಿನ ತೇವವನ್ನು ಹೊರಬಿಡದೆ ಪಕ್ಕಕ್ಕೆ ತಳ್ಳುತ್ತದೆ. ಬಣ್ಣ ಎಲ್ಲಕ್ಕಿಂತ ಕೊನೆಗೆ. ನೆನೆದ ಗೋಡೆ ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳಂತೆ ಒಣಗುತ್ತದೆಂಬುದು ಕಟ್ಟಡದವರ ಒರಟು ಲೆಕ್ಕ. ಒಂಬತ್ತು ಅಂಗುಲದ ಗೋಡೆಗೆ ಒಂಬತ್ತು ತಿಂಗಳು. ಒಂದು ಬಸಿರು ಹೊತ್ತಷ್ಟು ಕಾಲ. ಆ ತಾಳ್ಮೆಯಿಲ್ಲದವರ ಹಣ ಬಣ್ಣದ ಅಂಗಡಿಯವನಿಗೆ ಸೇರುತ್ತದೆ.

ಕೊನೆಯದಾಗಿ, ನಾನು ಮೊದಲು ಹೇಳಿದ ಅಂಗೀಠಿಯ ಮಾತು. ತೇವ ಬರುತ್ತದೆಂದು ಹೊಗೆಗೂಡಿನ ಬಾಯಿಯನ್ನು ಸಿಮೆಂಟಿನಿಂದ ಮುಚ್ಚಿಬಿಡುತ್ತೇವೆ. ಹೊರಗಿನಿಂದ ನೋಡಿದವರಿಗೆ ಅಗ್ಗಿಷ್ಟಿಕೆ ಇದ್ದ ಹಾಗೆಯೇ ಕಾಣುತ್ತದೆ. ಮನೆಯ ಯಜಮಾನ ಬದಲಾಗುತ್ತಾನೆ, ಬಾಡಿಗೆದಾರ ಬದಲಾಗುತ್ತಾನೆ; ಮುಚ್ಚಿದ್ದು ಯಾರಿಗೂ ನೆನಪಿರುವುದಿಲ್ಲ. ಡಿಸೆಂಬರಿನ ಒಂದು ರಾತ್ರಿ ವಿದ್ಯುತ್ತು ಹೋಗುತ್ತದೆ. ಊರಿನಿಂದ ಬಂದ ವಯಸ್ಸಾದ ತಾಯಿ ಚಳಿಗೆ ನಡುಗುತ್ತಾರೆ. ಹೊಗೆಗೂಡಿದೆಯಲ್ಲ ಎಂಬ ಧೈರ್ಯದಿಂದ ಯಾರೋ ಅಗ್ಗಿಷ್ಟಿಕೆಯಲ್ಲಿ ಇದ್ದಿಲಿನ ಅಂಗೀಠಿಯನ್ನಿಟ್ಟು ಬಾಗಿಲು ಕಿಟಕಿ ಹಾಕಿ ಮಲಗುತ್ತಾರೆ. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ, ಮಂಪರು. ಮಲಗಿದವರಿಗೆ ಅದೂ ತಿಳಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅಂಗೀಠಿಯಿಟ್ಟು ಮಲಗಿ ಮೃತಪಟ್ಟವರ ಸುದ್ದಿಯನ್ನು ಉತ್ತರ ಭಾರತದ ಪತ್ರಿಕೆಗಳಲ್ಲಿ ನಾವು ಚಳಿಗಾಲ ಬಂದಾಗಲೆಲ್ಲ ಓದುತ್ತೇವೆ. ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯ.

ಆದುದರಿಂದ ಈ ವಾರ ಎರಡು ಕೆಲಸ ಮಾಡಿರಿ. ನಿಮ್ಮ ಮನೆಯಲ್ಲಿ ಹೊಗೆಗೂಡಿದ್ದರೆ ಅದು ಮೇಲೆ ತೆರೆದಿದೆಯೊ ಮುಚ್ಚಿದೆಯೊ ತಾರಸಿಗೆ ಹೋಗಿ ಕಣ್ಣಾರೆ ನೋಡಿ. ತೆರೆದಿರಲಿ, ಮುಚ್ಚಿರಲಿ, ಮಲಗುವ ಕೋಣೆಯಲ್ಲಿ ಅಂಗೀಠಿಯನ್ನು ಇಡಬೇಡಿ. ಮುಚ್ಚಿದ್ದರೆ ಅಗ್ಗಿಷ್ಟಿಕೆಯ ಮೇಲೆ ‘ಇಲ್ಲಿ ಬೆಂಕಿ ಇಡಕೂಡದು’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಿ, ನಿಮ್ಮ ಅನಂತರ ಬರುವವನಿಗೂ ಅದು ಉಪಕಾರವಾಗುತ್ತದೆ. ಆಮೇಲೆ ಕಲೆಯ ಸುತ್ತ ಗೆರೆ ಎಳೆದು ತಾರೀಖು ಹಾಕಿ. ಮೇಲಿನ ಮನೆಯವರಿಗೆ ಏನಾದರೂ ಹೇಳುವುದಿದ್ದರೆ, ಡೈರಿ ತುಂಬಿದ ಮೇಲೆ, ಅದನ್ನು ಕೈಯಲ್ಲಿ ಹಿಡಿದು ಹೋಗಿ ಹೇಳಿ. ಬಹುಶಃ ಹೇಳುವ ಅಗತ್ಯವೇ ಬೀಳಲಿಕ್ಕಿಲ್ಲ; ಆಗ ಒಂದು ಡಬ್ಬಿ ಚಕ್ಕುಲಿ ಹಿಡಿದು ಹೋದರಾಯಿತು.